ಸಣ್ಣ ದನಿಯ ಗುಡುಗು

ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿರಲಿಲ್ಲ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎಲ್ಲರ ಮನೆಯ ಕುಕ್ಕರ್‌ಗಳೂ ಒಂದಾದ ಮೇಲೊಂದು ಕೂಗುವಾಗ, ಮೊದಲ ಮಹಡಿಯ ನಮ್ಮ ಬಾಡಿಗೆ ಮನೆಯಲ್ಲಿ ಅಪ್ಪ ಅಗಲ ಪಾತ್ರೆಯಲ್ಲಿ ಅನ್ನಕ್ಕಿಟ್ಟು, ಬೆಂದ ಮೇಲೆ ಗಂಜಿ ಬಸಿಯುತ್ತಿದ್ದ. ಚಟ್ನಿ ರುಬ್ಬುವುದಿದ್ದರೆ ಎಂಟೂವರೆಯೊಳಗೆ ರುಬ್ಬಿ ಮುಗಿಸಬೇಕು. ಒಗ್ಗರಣೆಗೆ ಸಾಸಿವೆ ಹಾಕಿದ ಕೂಡಲೇ ತಟ್ಟೆ ಮುಚ್ಚಿ, ಸಿಡಿಯುವ ಸದ್ದು ಆರುವ ತನಕ ತಟ್ಟೆಯ ಮೇಲೆ ಮಸಿಬಟ್ಟೆ ಒತ್ತಿ ಹಿಡಿಯುತ್ತಿದ್ದ. ಕಾಲಿಂಗ್ ಬೆಲ್ಲಿನ ವೈರನ್ನು ತಾನೇ ಕಿತ್ತು ಟೇಪು ಸುತ್ತಿದ್ದ. ಬೀದಿಯಲ್ಲಿ ಸೊಪ್ಪು ಮಾರುವವಳಿಗೂ ವಿಷಯ ಗೊತ್ತಿತ್ತು. ನಮ್ಮ ಗೇಟಿನ ಹತ್ತಿರ ಬರುವಾಗ ಕೂಗು ನಿಲ್ಲಿಸಿ, ಎರಡು ಮನೆ ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು. ಇದೆಲ್ಲ ಯಾಕೆಂದರೆ, ಹಗಲು ಹೊತ್ತು ಅಮ್ಮ ಮಲಗಿರುತ್ತಿದ್ದಳು.

ಅಮ್ಮ ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಬೇರೆಯವರಿಗೆ ನೈಟ್ ಡ್ಯೂಟಿ ಸರದಿಯ ಮೇಲೆ ಬಂದರೆ, ಅಮ್ಮ ಅದನ್ನು ಕೇಳಿ ಖಾಯಂ ಮಾಡಿಸಿಕೊಂಡಿದ್ದಳು. ರಾತ್ರಿಗೆ ಸ್ವಲ್ಪ ಹೆಚ್ಚು ಕೊಡುತ್ತಿದ್ದರು, ಮತ್ತು ನಮ್ಮ ಮನೆಗೆ ಆ ಸ್ವಲ್ಪ ಬೇಕಾಗಿತ್ತು. ಅಪ್ಪ ಪಿಟೀಲು ನುಡಿಸುವವನು. ನಾನು ಹುಟ್ಟುವ ಮೊದಲು ಸಿನಿಮಾ ರೆಕಾರ್ಡಿಂಗುಗಳಲ್ಲಿ ಅವನಿಗೆ ಕೈತುಂಬ ಕೆಲಸವಿತ್ತಂತೆ. ಇಪ್ಪತ್ತು ಮೂವತ್ತು ಜನ ಸಾಲಾಗಿ ಕೂತು ಒಟ್ಟಿಗೆ ಕಮಾನು ಎಳೆಯುತ್ತಿದ್ದ ಕಾಲ ಅದು. ಆಮೇಲೆ ಕೀಬೋರ್ಡು ಬಂತು. ಒಬ್ಬನೇ ಹುಡುಗ ಒಂದು ಗುಂಡಿ ಒತ್ತಿದರೆ ಆ ಮೂವತ್ತು ಜನರ ಸದ್ದೂ ಬರುತ್ತಿತ್ತು. ಫೋನು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅಪ್ಪ ಯಾರನ್ನೂ ಬೈಯಲಿಲ್ಲ. ಸೌಟು ಹಿಡಿದ. ಸಂಜೆ ಸ್ಕೂಟರಿನಲ್ಲಿ ನಾಲ್ಕಾರು ಮನೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದ. ಗಂಡಸು ಮನೆಯಲ್ಲಿ, ಹೆಂಗಸು ರಾತ್ರಿ ಹೊರಗೆ ಎಂದು ಬೀದಿಯವರು ಆಡಿಕೊಳ್ಳಲು ಏನೂ ಕಡಿಮೆ ಇರಲಿಲ್ಲ. ಕೆಳಗಿನ ಮನೆಯ ಓನರ್ ಜಯಮ್ಮ ಆಂಟಿ ಮಾತ್ರ ಏನಿದ್ದರೂ ಮುಖದ ಮೇಲೇ ಕೇಳಿಬಿಡುತ್ತಿದ್ದರು.

“ಏನಪ್ಪಾ, ಪಿಟೀಲು ಮೂಲೆಗೆ ಸೇರ್ತಾ? ಮುಂಚೆ ಹೊತ್ತು ಹುಟ್ಟೋಕ್ ಮುಂಚೆ ಕುಯ್ಯೋಕೆ ಶುರು ಮಾಡ್ತಿದ್ದೆ, ಈಗ ಸದ್ದೇ ಇಲ್ಲ!”

“ಬಾರಿಸ್ತೀನಿ ಆಂಟಿ, ನಿಮಗೆ ಕೇಳಿಸಲ್ಲ ಅಷ್ಟೆ.”

ಅಪ್ಪ ಹೇಳಿದ್ದು ಸುಳ್ಳಲ್ಲ. ದಿನಾ ಬಾರಿಸುತ್ತಿದ್ದ. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಇರುತ್ತದಲ್ಲ, ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿಬಿಟ್ಟರೆ ಸದ್ದು ಸತ್ತುಹೋಗುತ್ತದೆ. ನಮ್ಮ ಮನೆಯ ನೀಲಿ ಕ್ಲಿಪ್ಪುಗಳಲ್ಲಿ ಎರಡು ಯಾವಾಗಲೂ ಪಿಟೀಲಿನ ಮೇಲೇ ಇರುತ್ತಿದ್ದವು. ಅದೂ ಜಾಸ್ತಿಯಾಯಿತು ಅನಿಸಿದರೆ ಕಮಾನನ್ನು ತಂತಿಗೆ ತಾಗಿಸದೆ, ಕೂದಲೆಳೆಯಷ್ಟು ಮೇಲೆ, ಗಾಳಿಯಲ್ಲೇ ಆಡಿಸುತ್ತಿದ್ದ. ಸಂಜೆ ಅಮ್ಮ ಡ್ಯೂಟಿಗೆ ಹೊರಟ ಮೇಲೆ ಜೋರಾಗಿ ಬಾರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪಾಠ ಮುಗಿಸಿ ಬಂದು, ನನಗೆ ಊಟ ಬಡಿಸಿ, ಪಾತ್ರೆ ತೊಳೆದಿಡುವ ಹೊತ್ತಿಗೆ ಜಯಮ್ಮ ಆಂಟಿಯ ಯಜಮಾನರು ಮಲಗಿರುತ್ತಿದ್ದರು. ಅವರಿಗೆ ಎದೆನೋವು. ಅದಕ್ಕಿಂತ ಹೆಚ್ಚಾಗಿ ಆ ಹೊತ್ತಿಗೆ ಅಪ್ಪನೇ ಸೋತು ಹೋಗಿರುತ್ತಿದ್ದ. ದಣಿವು ನಮ್ಮ ಮನೆಯ ನಾಲ್ಕನೆಯ ಮನುಷ್ಯನಿದ್ದ ಹಾಗೆ, ಅದಕ್ಕೂ ಒಂದು ತಟ್ಟೆ ಇಡಬೇಕಾಗುತ್ತಿತ್ತು.

ಇರಲಿ, ನಾನು ಹೇಳಲು ಹೊರಟದ್ದು ಮಧ್ಯಾಹ್ನಗಳ ಬಗ್ಗೆ. ಮೂರೂವರೆಗೆ ನಾನು ಶಾಲೆಯಿಂದ ಬರುತ್ತಿದ್ದೆ. ಐದಕ್ಕೆ ಅಮ್ಮ ಏಳುತ್ತಿದ್ದಳು. ನಡುವಿನ ಆ ಹೊತ್ತು ನನ್ನದು ಮತ್ತು ಅಪ್ಪನದು. ಮೆಟ್ಟಿಲ ಬುಡದಲ್ಲೇ ಶೂ ಕಳಚಿ ಕೈಯಲ್ಲಿ ಹಿಡಿದು ಹತ್ತಿ ಬರುತ್ತಿದ್ದೆ. ಅಪ್ಪ ಬೆರಳಿನಿಂದ ಕೋಣೆಯ ಕಡೆ ತೋರಿಸುತ್ತಿದ್ದ, ಮಲಗಿದ್ದಾಳೆ ಎಂದು. ಪ್ರತಿದಿನ ತೋರಿಸುತ್ತಿದ್ದ, ನನಗೇನೋ ಅದು ಹೊಸ ಸುದ್ದಿ ಎನ್ನುವಂತೆ. ಅಮ್ಮನ ಕೋಣೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ, ಆಮೇಲೆ ಪೂರ್ತಿ ಮುಚ್ಚುವುದನ್ನೇ ಬಿಟ್ಟಿತ್ತು. ಆ ಸಂದಿಗೆ ಹಳೆಯ ಬೆಡ್‌ಶೀಟು ತೂಗುಹಾಕಿದ್ದೆವು. ನಾನು ಅವಲಕ್ಕಿ ತಿನ್ನುತ್ತಿದ್ದೆ. ಚಕ್ಕುಲಿ, ಹಪ್ಪಳ ಮುಂತಾದ ಕಟುಂ ಕುಟುಂ ಪದಾರ್ಥಗಳು ಐದರ ತನಕ ನಿಷಿದ್ಧ. ತಿಂದಾದ ಮೇಲೆ ಇಬ್ಬರೂ ಹಾಲಿನ ನೆಲದ ಮೇಲೆ ಚಾಪೆ ಹಾಸಿ, ಟೇಪ್‌ರೆಕಾರ್ಡರಿನ ಎರಡೂ ಬದಿಗೆ ಅಡ್ಡಾಗುತ್ತಿದ್ದೆವು. ಅಪ್ಪ ವಾಲ್ಯೂಮನ್ನು ಸೊನ್ನೆಯಿಂದ ಒಂದು ಕೂದಲಷ್ಟು ಮಾತ್ರ ತಿರುಗಿಸುತ್ತಿದ್ದ. ಎಡದ ಸ್ಪೀಕರಿಗೆ ಅವನ ಕಿವಿ, ಬಲದ ಸ್ಪೀಕರಿಗೆ ನನ್ನ ಕಿವಿ. ಕಿವಿಯನ್ನು ಜಾಲರಿಗೆ ಒತ್ತಿದರೆ ಮಾತ್ರ ಕೇಳಿಸುತ್ತಿತ್ತು. ಐದಕ್ಕೆ ಅಮ್ಮ ಎದ್ದು ಬರುವಾಗ ನನ್ನ ಕೆನ್ನೆಯ ಮೇಲೆ ಸ್ಪೀಕರಿನ ಚುಕ್ಕಿಚುಕ್ಕಿ ಅಚ್ಚು ಇರುತ್ತಿತ್ತು.

ಆ ಕ್ಯಾಸೆಟ್ಟನ್ನು ರೆಕಾರ್ಡಿಂಗ್ ಕಾಲದ ಗೆಳೆಯರೊಬ್ಬರು ಅಪ್ಪನಿಗೆ ತುಂಬಿಸಿ ಕೊಟ್ಟಿದ್ದರು. ಪರದೇಶದ ಕನ್ಚರ್ಟೊಗಳು. ಕನ್ಚರ್ಟೊ ಅಂದರೆ ಏನು ಎಂದು ಕೇಳಿದ್ದಕ್ಕೆ ಅಪ್ಪ, ನಮ್ಮ ಭಜನೆ ಇದ್ದ ಹಾಗೆ ಕಣೇ ಎಂದಿದ್ದ: ಒಬ್ಬ ಮುಂದೆ ನಿಂತು ಹೇಳುತ್ತಾನೆ, ಉಳಿದವರು ಹಿಂದೆ ಹೇಳುತ್ತಾರೆ. ಒಮ್ಮೊಮ್ಮೆ ಹಿಂದಿನವರು ಜಗಳಕ್ಕೂ ಬರುತ್ತಾರೆ, ಆಗ ಮುಂದೆ ನಿಂತವನು ಒಬ್ಬನೇ ಎಲ್ಲರಿಗೂ ಉತ್ತರ ಕೊಡಬೇಕು. ಬರೆದವರ ಹೆಸರುಗಳನ್ನೂ ಹೇಳಿದ್ದ, ನನ್ನ ನಾಲಗೆಗೆ ಹೊರಳಲಿಲ್ಲ. ಅಪ್ಪ ಕ್ಯಾಸೆಟ್ಟಿನ ಮೇಲೆ ಹಕ್ಕಿ, ಹೊಳೆ, ಮಳೆ, ಹಿಮ ಎಂದಷ್ಟೇ ಬರೆದಿಟ್ಟಿದ್ದ. ಹಕ್ಕಿ ಮತ್ತು ಹೊಳೆ ನನಗೆ ಬೇಗ ಸಿಕ್ಕಿದವು. ಹಿಮದಲ್ಲಿ ಏನೂ ತಿಳಿಯಲಿಲ್ಲ. ಆಗ ಅಪ್ಪ ನನ್ನನ್ನು ಜಯಮ್ಮ ಆಂಟಿಯ ಮನೆಗೆ ಕರೆದುಕೊಂಡು ಹೋಗಿ, ಅವರ ಫ್ರಿಡ್ಜಿನ ಐಸ್ ಪೆಟ್ಟಿಗೆಯ ಗೋಡೆಗೆ ಕಟ್ಟಿದ್ದ ಬಿಳಿ ಪುಡಿಯನ್ನು ಚಮಚದಲ್ಲಿ ಕೆರೆದು ನನ್ನ ಅಂಗೈಯಲ್ಲಿಟ್ಟ.

“ಇದು ಊರ್ ತುಂಬ ಬಿದ್ದಿದೆ ಅನ್ಕೋ. ನವರಂಗ್ ಕಡೆಯಿಂದ ಹೌಸಿಂಗ್ ಬೋರ್ಡ್ ತನಕ. ಅದರ ಮೇಲೆ ಒಬ್ಬ ನಡ್ಕೊಂಡು ಬರ್ತಿದಾನೆ. ಜಾರ್ತಾನೆ ಅಂತ ಹೆದ್ರಿಕೆ. ಈಗ ಹೋಗಿ ಕೇಳು.”

ಹೋಗಿ ಕೇಳಿದೆ. ಅಂಗೈ ಇನ್ನೂ ಕೊರೆಯುತ್ತಿತ್ತು. ಪಿಟೀಲು ನಿಜವಾಗಿಯೂ ಕಾಲು ಊರಿ ಊರಿ, ಅನುಮಾನಿಸಿ ನಡೆಯುತ್ತಿತ್ತು. ಅವತ್ತು ನನಗಾದ ಖುಷಿಗೆ ಕೂಗಬೇಕು ಅನಿಸಿತ್ತು, ಆದರೆ ಕೂಗುವ ಹಾಗಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ಮಳೆಯನ್ನು. ಅದು ಬೇಸಿಗೆಯ ಮಳೆ. ಮೊದಲು ಬರೀ ಸೆಕೆ. ಪಿಟೀಲು ಎರಡು ಹೆಜ್ಜೆ ಇಟ್ಟು ಕೂತುಬಿಡುತ್ತದೆ, ಮತ್ತೆ ಎರಡು ಹೆಜ್ಜೆ, ಮತ್ತೆ ಸುಸ್ತು. ಅಪ್ಪ ಆ ಭಾಗ ಬಂದಾಗಲೆಲ್ಲ ಕಣ್ಣು ಮುಚ್ಚಿ, ಇದು ನಿಮ್ಮಮ್ಮ ಮನೆಗೆ ಬರೋದು, ಅನ್ನುತ್ತಿದ್ದ. ಆಮೇಲೆ ದೂರದಲ್ಲಿ ಗುಡುಗು. ದಪ್ಪ ತಂತಿಗಳಲ್ಲಿ ಹಿಂದಿನವರು ಗುರುಗುಟ್ಟುತ್ತಾರೆ. ಗಾಳಿ ಏಳುತ್ತದೆ. ಆಮೇಲೆ ಒಮ್ಮೆಲೇ ಎಲ್ಲರೂ ಮೈಮೇಲೆ ಬಿದ್ದಂತೆ ಬಿರುಮಳೆ, ಅದರ ನಡುವೆ ಒಂಟಿ ಪಿಟೀಲು ಮೇಲಿಂದ ಕೆಳಕ್ಕೆ ಓಡಿ ಓಡಿ ಬರುತ್ತದೆ. ಇಷ್ಟೆಲ್ಲವೂ ನಮಗೆ ಕೇಳುತ್ತಿದ್ದದ್ದು ಪಿಸುಮಾತಿನಷ್ಟು ಸಣ್ಣಗೆ. ಅಪ್ಪ ಮಧ್ಯೆ ಮಧ್ಯೆ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದ.

“ಗಾಳಿ ಯಾವ ಕಡೆಯಿಂದ ಬಂತು?”

“ಬಾತ್‌ರೂಮ್ ಕಡೆಯಿಂದ.”

“ಥೂ ಕತ್ತೆ. ಸರಿಯಾಗ್ ಕೇಳು. ಹನಿ ಮೊದಲು ಬಿತ್ತಾ, ಎಲೆ ಮೊದಲು ಅಲ್ಲಾಡ್ತಾ?”

“ಎಲೆ.”

“ಹಾಂ! ಮಳೆಗೆ ಮುಂಚೆ ಎಲೆಗೆ ಗೊತ್ತಾಗುತ್ತೆ.”

ಒಂದು ಏಪ್ರಿಲ್ಲಿನ ಮಧ್ಯಾಹ್ನ ನಿಜವಾದ ಮಳೆಯೇ ಬಂತು. ಟೆರೇಸಿನಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯಲು ಇಬ್ಬರೂ ಓಡಿದೆವು. ಮೊದಲ ಹನಿ ಬಿದ್ದದ್ದೇ ಅಪ್ಪ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿಬಿಟ್ಟ. ಓಡಬೇಡ, ಕೇಳು ಎಂದ. ಪಕ್ಕದ ಮನೆಯ ಶೀಟಿನ ಮೇಲೆ ಬಿದ್ದದ್ದು ಒಂದು ಥರ, ಕಪ್ಪು ನೀರಿನ ಟ್ಯಾಂಕಿನ ಮೇಲೆ ಬಿದ್ದದ್ದು ಇನ್ನೊಂದು ಥರ, ರಸ್ತೆಯ ಹೊಂಗೆಮರಕ್ಕೆ ಬಿದ್ದದ್ದು ಬೇರೆಯೇ. ನಮ್ಮ ಮಳೆ ಶೀಟಿನ ಮಳೆ, ಕ್ಯಾಸೆಟ್ಟಿನದು ಎಲೆಯ ಮಳೆ ಎಂದು ಅಪ್ಪ ತೀರ್ಮಾನಿಸುವ ಹೊತ್ತಿಗೆ ಬಟ್ಟೆಗಳೆಲ್ಲ ತೊಪ್ಪೆಯಾಗಿದ್ದವು. ಅಮ್ಮನ ಡ್ಯೂಟಿಯ ಬಿಳಿ ಸೀರೆಯೂ ಅದರಲ್ಲೇ ಇತ್ತು. ಐದಕ್ಕೆ ಎದ್ದು ಬಂದ ಅಮ್ಮ ಹಸಿ ಸೀರೆ ಕೈಯಲ್ಲಿ ಹಿಡಿದು ಅಪ್ಪನ ಮುಖ ನೋಡಿದಳು.

“ಇಬ್ರೂ ಮನೇಲೇ ಇದ್ರಿ. ಒಂದ್ ಸೀರೆ ತೆಗಿಯೋಕೆ ಆಗ್ಲಿಲ್ವಾ?”

“ಮಳೆ ಕೇಳ್ತಾ ನಿಂತ್ಕೊಂಡ್ಬಿಟ್ವಿ ಕಣೇ.”

“ಮಳೆ ಕೇಳ್ತಾ ನಿಂತಿದ್ರಂತೆ.” ಅಮ್ಮ ಬೈಯಲಿಲ್ಲ. ಬೈಯಲೂ ಶಕ್ತಿ ಬೇಕು. ಇಸ್ತ್ರಿಪೆಟ್ಟಿಗೆ ಕಾಯಿಸಿ, ಹಸಿ ಸೀರೆಯ ಮೇಲೇ ಉಜ್ಜುತ್ತ ನಿಂತಳು. ಹಬೆ ಏಳುತ್ತಿತ್ತು. ಸೆರಗಿನ ತುದಿ ಒಣಗುವ ಮೊದಲೇ ಬಸ್ಸಿನ ಹೊತ್ತಾಯಿತು. ಆ ವಯಸ್ಸಿನಲ್ಲಿ ನನಗೆ ಅಮ್ಮನೆಂದರೆ ಪ್ರೀತಿಗಿಂತ ಹೆಚ್ಚು ಭಯವಿತ್ತು. ಹೊಡೆಯುತ್ತಾಳೆಂದು ಅಲ್ಲ, ಎದ್ದುಬಿಡುತ್ತಾಳೆಂದು.

ಹೀಗಿರುವಾಗ ಅಪ್ಪನಿಗೊಂದು ಕೆಲಸದ ಸುದ್ದಿ ಬಂತು. ಕೆಂಗೇರಿ ಉಪನಗರದ ಆಚೆ ಹೊಸದಾಗಿ ಶುರುವಾಗಿದ್ದ ಒಂದು ಶಾಲೆಗೆ ಪಿಟೀಲು ಕಲಿಸುವವರು ಬೇಕಾಗಿದ್ದರು. ಪಾಶ್ಚಾತ್ಯ ಪದ್ಧತಿ ಗೊತ್ತಿರಬೇಕು, ನೊಟೇಶನ್ ಓದಲು ಬರಬೇಕು, ತಿಂಗಳ ಸಂಬಳ. ಬಂದು ಒಂದು ಕನ್ಚರ್ಟೊ ಬಾರಿಸಿ ತೋರಿಸಿ ಎಂದರು. ಅಪ್ಪ ಈ ಸುದ್ದಿ ಹೇಳಿದಾಗ ಅಮ್ಮ ಡ್ಯೂಟಿಗೆ ಹೊರಡಲು ಜಡೆ ಸುತ್ತಿಕೊಳ್ಳುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಳು.

“ಅದು ಆಯ್ತು ಅಂದ್ರೆ ಮೇಟ್ರನ್ ಹತ್ರ ಡೇ ಡ್ಯೂಟಿಗೆ ಕೇಳ್ಬಿಡ್ತೀನ್ರೀ.”

“ಆಗುತ್ತೆ ಕಣೇ.”

“ರಾತ್ರಿ ಮಲಗೋದು ಹೆಂಗಿರುತ್ತೆ ಅಂತಾನೇ ಮರ್ತೋಗಿದೆ.”

ಇಷ್ಟೇ ಮಾತು. ಆದರೆ ಅವತ್ತು ಅಮ್ಮ ಮೆಟ್ಟಿಲಿಳಿದು ಹೋಗುವಾಗ ಜಯಮ್ಮ ಆಂಟಿಗೆ ತಾನಾಗಿ ಏನೋ ಹೇಳಿ ನಕ್ಕದ್ದು ಮೇಲಿನ ತನಕ ಕೇಳಿಸಿತು. ಅಪ್ಪನೂ ಕೇಳಿಸಿಕೊಂಡ. ಪಿಟೀಲಿನ ಪೆಟ್ಟಿಗೆ ತೆಗೆದ.

ಶಾಲೆಯಲ್ಲಿ ಬಾರಿಸಲು ಅಪ್ಪ ಆರಿಸಿದ್ದು ಮಳೆಯನ್ನೇ. ಅದರಲ್ಲೂ ಕೊನೆಯ ಬಿರುಮಳೆಯ ಭಾಗವನ್ನು. ಒಂದು ತಿಂಗಳು ಹಿಡಿದ ಹಟ ಬಿಡಲಿಲ್ಲ. ಕ್ಯಾಸೆಟ್ಟು ಹಾಕಿ ಕಿವಿ ಒತ್ತಿ ಕೇಳುವುದು, ತಿರುಗಿಸುವುದು, ಮತ್ತೆ ಕೇಳುವುದು, ಎದ್ದು ಬಾರಿಸುವುದು. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದಳಲ್ಲ, ಆದ್ದರಿಂದ ಗುಡುಗನ್ನೂ ಸಿಡಿಲನ್ನೂ ಕ್ಲಿಪ್ಪು ಸಿಕ್ಕಿಸಿಯೇ ಬಾರಿಸಬೇಕಾಗಿತ್ತು. ಬೆರಳುಗಳು ಹುಚ್ಚು ಹಿಡಿದಂತೆ ಓಡುತ್ತಿದ್ದವು, ಹಣೆಯ ಮೇಲೆ ಬೆವರು ಹನಿಯುತ್ತಿತ್ತು, ಸದ್ದು ಮಾತ್ರ ಹಿತ್ತಲಲ್ಲಿ ಯಾರೋ ಅಕ್ಕಿ ಗೇರಿದಷ್ಟು. ನಾನು ಗೋಡೆಗೆ ಒರಗಿ ಕೂತು ತಪ್ಪು ಹಿಡಿಯುತ್ತಿದ್ದೆ. ಇಲ್ಲಿ ಒಂದು ಹನಿ ಬಿಟ್ಟೆ, ಇಲ್ಲಿ ಗಾಳಿ ಬೇಗ ಬಂತು ಎಂದು ಪಿಸುಗುಟ್ಟುತ್ತಿದ್ದೆ. ಅಪ್ಪ ಗಂಭೀರವಾಗಿ ತಲೆಯಾಡಿಸಿ ಮತ್ತೆ ಬಾರಿಸುತ್ತಿದ್ದ. ಕೊನೆಯ ವಾರ, ಅಲ್ಲಿ ಕ್ಲಿಪ್ಪಿಲ್ಲದೆ ಬಾರಿಸಬೇಕಲ್ಲ ಎಂದು ನೆನಪಾಗಿ ಎರಡನ್ನೂ ತೆಗೆದ. ತೆಗೆದ ಮೇಲೂ ಅಮ್ಮ ಏಳಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಅಬ್ಬ, ಗಾಢ ನಿದ್ದೆ ಅಂದುಕೊಂಡೆವು.

ಕರೆದಿದ್ದು ಒಂದು ಶನಿವಾರ. ಮನೆಯಲ್ಲಿದ್ದರೆ ನಾನು ಏನಾದರೂ ಬೀಳಿಸಿ ಅಮ್ಮನನ್ನು ಎಬ್ಬಿಸುತ್ತೇನೆಂದು ಅಪ್ಪ ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡ. ಪಿಟೀಲಿನ ಪೆಟ್ಟಿಗೆ ನನ್ನ ಬೆನ್ನಿಗೆ. ಮೈಸೂರು ರಸ್ತೆಯ ಲಾರಿಗಳ ಹೊಗೆ ಕುಡಿಯುತ್ತ, ವೃಷಭಾವತಿಯ ವಾಸನೆ ಬಂದಲ್ಲೆಲ್ಲ ಮೂಗು ಮುಚ್ಚಿಕೊಳ್ಳುತ್ತ ತಲುಪಿದೆವು. ಶಾಲೆಯ ಸಭಾಂಗಣ ದೊಡ್ಡದು, ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಮೂರನೇ ಸಾಲಿನಲ್ಲಿ ಪ್ರಿನ್ಸಿಪಾಲ್ ಮೇಡಂ, ಅವರ ಪಕ್ಕ ಇನ್ನಿಬ್ಬರು. ಕಡೆಯ ಸಾಲಿನಲ್ಲಿ ಆಡಳಿತ ಮಂಡಳಿಯ ಒಬ್ಬ ಹಿರಿಯರು. ನನ್ನನ್ನು ಬದಿಯ ಕುರ್ಚಿಯಲ್ಲಿ ಕೂರಿಸಿದರು. ಅಪ್ಪ ವೇದಿಕೆ ಹತ್ತಿ, ಕೈಮುಗಿದು, ಪಿಟೀಲು ಗಲ್ಲಕ್ಕೆ ಒತ್ತಿದ.

ನನಗೆ ಎಲ್ಲವೂ ಕೇಳಿಸಿತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ದೂರದ ಗುಡುಗು, ಎಲೆ ಅಲ್ಲಾಡಿದ್ದು, ಮೊದಲ ಹನಿ, ಆಮೇಲೆ ಧೋ ಎಂದು ಸುರಿದದ್ದು. ಅಪ್ಪ ಒಂದು ಹನಿಯನ್ನೂ ಬಿಡಲಿಲ್ಲ. ಕಡೆಯ ಓಟದಲ್ಲಿ ನನ್ನ ಮೈಯಲ್ಲಿ ಜುಮ್ಮೆಂದಿತು. ಕೆಲಸ ಆಯಿತು, ಅಮ್ಮ ಇನ್ನು ರಾತ್ರಿ ಮನೆಯಲ್ಲಿರುತ್ತಾಳೆ, ನಾನು ಅವಳ ಪಕ್ಕ ಮಲಗಬಹುದು ಅಂದುಕೊಂಡೆ. ಆಗ ಕಡೆಯ ಸಾಲಿನ ಹಿರಿಯರು ಕೈ ಕಿವಿಗೆ ಅಡ್ಡ ಹಿಡಿದು ಮುಂದಕ್ಕೆ ಬಾಗಿದರು.

“ಮೇಡಂ, ಶುರುವಾಯ್ತಾ?”

ಪ್ರಿನ್ಸಿಪಾಲ್ ಮೇಡಂ ಒಳ್ಳೆಯವರು. ಕೂಡಲೇ ಎದ್ದು ವೇದಿಕೆಯ ಹತ್ತಿರ ಬಂದರು.

“ಸಾರ್, ಬೇಜಾರ್ ಮಾಡ್ಕೋಬೇಡಿ. ಇನ್ನೊಂದ್ ಸಲ, ಸ್ವಲ್ಪ ಜೋರಾಗಿ ಬಾರಿಸ್ತೀರಾ? ಹಿಂದಕ್ಕೆ ಕೇಳಿಸ್ತಿಲ್ಲ.”

“ಖಂಡಿತ ಮೇಡಂ,” ಎಂದು ಅಪ್ಪ ಮತ್ತೆ ಬಾರಿಸಿದ. ಜೋರಾಗಿಯೇ ಬಾರಿಸುತ್ತಿದ್ದೇನೆ ಎಂದು ಅವನಿಗೆ ಅನಿಸಿತ್ತು. ಅವನ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಆದರೆ ಕಮಾನು ತಂತಿಯ ಮೇಲೆ ಕೂರುವುದನ್ನು ಮರೆತಿತ್ತು. ಅಷ್ಟು ವರ್ಷ ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಓಡಾಡಿದ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಮೂರನೇ ಸಲವೂ ಹಾಗೇ ಆಯಿತು. ಮೇಡಂ ತಾವೇ ಹೊರಗಿನ ತನಕ ಬಂದರು. ನಿಮ್ಮ ಕೈ ತುಂಬ ಶುದ್ಧ ಸಾರ್, ಆದರೆ ನಲವತ್ತು ಮಕ್ಕಳ ತರಗತಿ, ಗಲಾಟೆ ಇರುತ್ತೆ, ಕೇಳಿಸಬೇಕಲ್ಲ ಎಂದರು. ಅದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ವಾಪಸು ಬರುವಾಗ ಅಪ್ಪ ಕೆಂಗೇರಿ ಬಸ್ ನಿಲ್ದಾಣದ ಹತ್ತಿರ ಸ್ಕೂಟರ್ ನಿಲ್ಲಿಸಿ ಇಬ್ಬರಿಗೂ ಕಬ್ಬಿನ ಹಾಲು ಕೊಡಿಸಿದ. ಗಾಣದ ಗರಗರ ಸದ್ದಿನಲ್ಲಿ ಅವನು ಮಾತಾಡಿದ್ದು ನನಗೆ ತುಟಿ ನೋಡಿಯೇ ತಿಳಿಯಿತು.

“ನಿಂಗೆ ಕೇಳಿಸ್ತಾ?”

“ಕೇಳಿಸ್ತು ಅಪ್ಪ.”

“ಗುಡುಗು?”

“ಗುಡುಗೂ ಕೇಳಿಸ್ತು.”

“ಹಂಗಾದ್ರೆ ಬಾರಿಸಿದ್ದಂತೂ ನಿಜ,” ಎಂದ. ಲೋಟ ಖಾಲಿ ಮಾಡಿ ಕೆಳಗಿಟ್ಟ. “ಅಮ್ಮಂಗೆ ಆಗ್ಲಿಲ್ಲ ಅಂತ ಮಾತ್ರ ಹೇಳೋಣ. ಯಾಕೆ ಅಂತ ಬೇಡ. ಆಯ್ತಾ? ಗೊತ್ತಾದ್ರೆ ಅವ್ಳಿಗೆ ಇರೋ ಅರ್ಧ ನಿದ್ದೆನೂ ಹೋಗುತ್ತೆ.”

ನಾನು ಹೂಂ ಅಂದೆ. ಆದರೆ ಅಮ್ಮ ಹದಿನೈದು ವರ್ಷ ರೋಗಿಗಳ ಬಾಯಿ ಬಿಡಿಸಿದವಳು. ಸಂಜೆ ನನಗೆ ತಲೆ ಬಾಚುತ್ತ, ಹಿಂದಿನಿಂದ, ನನ್ನ ಮುಖ ಕಾಣದಂತೆ ಕೂತು, ಏನಂದ್ರು ಅಲ್ಲಿ ಎಂದು ಸಲೀಸಾಗಿ ಕೇಳಿದಳು. ಅಪ್ಪ ಪಾಠಕ್ಕೆ ಹೋಗಿದ್ದ. ಮೊದಲು ಗೊತ್ತಿಲ್ಲ ಅಂದೆ. ಬಾಚಣಿಗೆ ಸುಮ್ಮನೆ ಓಡುತ್ತಿತ್ತು. ಆಮೇಲೆ, ಯಾರಿಗೂ ಕೇಳಿಸಲಿಲ್ಲವಂತೆ ಎಂದೆ. ಬಾಚಣಿಗೆ ನಡುದಾರಿಯಲ್ಲಿ ನಿಂತಿತು. ಅಮ್ಮ ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹೆಣೆದಳು, ಬ್ಯಾಗು ತಗೊಂಡು ಡ್ಯೂಟಿಗೆ ಹೋದಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ಆಸೆ ಇಟ್ಟುಕೊಂಡು ಓದುವುದು ಬೇಡ. ಆ ಕೆಲಸ ಸಿಗಲಿಲ್ಲ, ಅಂಥದ್ದು ಇನ್ನೊಂದೂ ಸಿಗಲಿಲ್ಲ. ಅಮ್ಮನ ನೈಟ್ ಡ್ಯೂಟಿ ನಾನು ಕಾಲೇಜು ಸೇರುವ ತನಕ ತಪ್ಪಲಿಲ್ಲ. ನನ್ನ ದನಿ ಸಣ್ಣದಾಗಿಯೇ ಉಳಿಯಿತು. ಫೋನಿನಲ್ಲಿ ಎಲ್ಲರೂ ಏನಂದ್ರಿ, ಏನಂದ್ರಿ ಅನ್ನುತ್ತಾರೆ. ಅತ್ತೆಮನೆಯಲ್ಲಿ ನಾನು ಬೆಕ್ಕಿನ ಹಾಗೆ ಬಂದು ಹಿಂದೆ ನಿಲ್ಲುತ್ತೇನೆಂದು ಬೆಚ್ಚಿಬೀಳುತ್ತಾರೆ. ಈಗ ನನಗೂ ದುಡಿದು ಮನೆಗೆ ಬಂದರೆ ಚಪ್ಪಲಿ ಕಳಚಲು ಬಗ್ಗುವುದೂ ಒಂದು ಕೆಲಸವೆನಿಸುವ ವಯಸ್ಸು. ಆವತ್ತಿನ ಅಮ್ಮನಿಗೆ ಹೆಚ್ಚುಕಡಿಮೆ ಇಷ್ಟೇ ವಯಸ್ಸಿತ್ತು.

ಕೆಂಗೇರಿಗೆ ಹೋಗಿಬಂದ ಮರುದಿನ, ಭಾನುವಾರ ಬೆಳಿಗ್ಗೆ, ಅಮ್ಮ ಡ್ಯೂಟಿ ಮುಗಿಸಿ ಬಂದಳು. ಎಂದಿನಂತೆ ಕೈಕಾಲು ತೊಳೆದು, ತಿಂಡಿ ತಿಂದು, ಕೋಣೆಗೆ ಹೋಗಿ ಬೆಡ್‌ಶೀಟು ಎಳೆದುಕೊಳ್ಳಬೇಕಾಗಿತ್ತು. ಹೋಗಲಿಲ್ಲ. ಡ್ಯೂಟಿಯ ಸೀರೆಯಲ್ಲೇ ಹಾಲಿನ ದಿವಾನದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು.

“ರೀ, ಪಿಟೀಲು ತಗೊಳ್ಳಿ.”

ಅಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

“ಸಂಜೆ ಬಾರಿಸ್ತೀನಿ ಕಣೇ. ಈಗ ಮಲ್ಕೋ, ಕಣ್ಣು ನೋಡು ಹೆಂಗಾಗಿದೆ,” ಎಂದ, ಅದೇ ಪಿಸುದನಿಯಲ್ಲಿ.

“ಪಿಸುಪಿಸು ಅನ್ಬೇಡಿ!”

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರಾದರೂ ಕಿರುಚಿದ್ದು ನಾನು ಕೇಳಿದ್ದು ಅದೇ ಮೊದಲು. ಅಮ್ಮನ ದನಿ ಅಷ್ಟು ದೊಡ್ಡದಿದೆ ಎಂದೇ ನನಗೆ ಗೊತ್ತಿರಲಿಲ್ಲ.

“ನಾನ್ ಯಾವತ್ತಾದ್ರೂ ಕೇಳಿದ್ನಾ ನಿಮ್ಮನ್ನ, ಬಾಯ್ ಮುಚ್ಕೊಂಡಿರಿ ಅಂತ? ನೀವೇ ಶುರು ಮಾಡಿದ್ರಿ. ಬೆಲ್ ಕಿತ್ತಾಕಿದ್ರಿ, ಮಗೂಗೆ ಕಳ್ಳಿ ಥರ ನಡಿಯೋದ್ ಕಲಿಸಿದ್ರಿ. ನಾನ್ ಮಲಗಿರ್ತೀನಿ, ಆಚೆ ಎಲ್ಲರೂ ಪಿಸುಪಿಸು, ಪಿಸುಪಿಸು. ಹೆಣ ಮಲಗಿಸಿದ ಮನೆ ಥರ! ಅದ್ರಲ್ಲಿ ನಿದ್ದೆ ಬರುತ್ತೇನ್ರೀ? ನೀವಿಬ್ರೂ ಅದೇನ್ ಕೇಳ್ತೀರಿ, ಅದೇನ್ ಮಾತಾಡ್ತೀರಿ ಅಂತ ನಾನೂ ಕಿವಿ ಕೊಟ್ಕೊಂಡು ಬಿದ್ದಿರ್ತಿದ್ದೆ. ಅರ್ಧ ಕೇಳಿಸೋದು, ಅರ್ಧ ಇಲ್ಲ. ಆಸ್ಪತ್ರೇಲಿ ಪೇಷೆಂಟು ನರಳ್ತಿರ್ತಾನೆ, ಟ್ರಾಲಿ ಗಡಗಡ ಅಂತಿರುತ್ತೆ, ಸ್ಟೂಲ್ ಮೇಲೆ ಕೂತಲ್ಲೇ ಕಣ್ಣು ಎಳೆಯುತ್ತೆ. ಮನೆಗ್ ಬಂದ್ರೆ ಇಲ್ಲ.”

“ಹೇಳ್ಬಾರದಿತ್ತಾ ಕಣೇ?”

“ಏನಂತ ಹೇಳ್ಲಿ? ಪಾಪ, ಅಷ್ಟು ಕಷ್ಟಪಟ್ಟು ಸುಮ್ನಿರ್ತಿದ್ರಿ.”

ಇದನ್ನು ಹೇಳುವಾಗ ಅವಳಿಗೆ ಅಳು ಬಂತು. ಅಪ್ಪನಿಗೂ ಬಂತು. ಬಾಗಿಲಲ್ಲಿ ಜಯಮ್ಮ ಆಂಟಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು. ಏನಾಯ್ತು ಸುಮಿತ್ರಾ ಎಂದರು. ಏನಿಲ್ಲ ಆಂಟಿ, ಇವ್ರು ಪಿಟೀಲು ಬಾರಿಸ್ತಾರಂತೆ, ಕೂತ್ಕೊಳ್ಳಿ ಎಂದಳು ಅಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. ಆಂಟಿ ಹೊಸ್ತಿಲಲ್ಲೇ ಕೂತರು.

ಅಪ್ಪ ಬಾರಿಸಿದ. ಮೊದಲು ಅದೇ ಅಕ್ಕಿ ಗೇರುವ ಸದ್ದು. ಇನ್ನೂ ಜೋರಾಗಿ ಎಂದಳು ಅಮ್ಮ. ಅಪ್ಪ ಕಮಾನು ಒತ್ತಿದ. ತಂತಿ ಕಿರ್ರೆಂದು ಕೀರಲಾಯಿತು, ಆಂಟಿ ಮುಖ ಹಿಂಡಿದರು. ಪರವಾಗಿಲ್ಲ, ಇನ್ನೂ ಎಂದಳು. ಮತ್ತೆ ಕೀರಲು. ಹೀಗೇ ಎಷ್ಟೋ ಹೊತ್ತು, ಬಾಗಿಲಿಗೆ ಭುಜ ಕೊಟ್ಟು ನೂಕುವವನ ಹಾಗೆ ಅಪ್ಪ ಆ ಕೈಯನ್ನು ನೂಕಿದ. ಆಮೇಲೆ ಎಲ್ಲೋ ಒಂದು ಕಡೆ ಅದು ತೆರೆದುಕೊಂಡಿತು. ಗುಡುಗು ನಿಜವಾಗಿ ಗುಡುಗಿತು. ಶೋಕೇಸಿನ ಗಾಜು ಜಿಂಯೆಂದಿತು. ಅಷ್ಟು ವರ್ಷ ಕೆನ್ನೆ ಒತ್ತಿ ಒತ್ತಿ ಕೇಳಿದ ಮಳೆ ಈಗ ಎದ್ದು ನಿಂತು ಮನೆ ತುಂಬ ಹೊಡೆಯುತ್ತಿತ್ತು. ನನಗೆ ಹೆದರಿಕೆಯಾಯಿತು. ಇದು ಇಷ್ಟು ದೊಡ್ಡದು ಎಂದು ಅಪ್ಪ ಹೇಳಿರಲಿಲ್ಲ. ಅವನಿಗೂ ಮರೆತಿತ್ತೋ ಏನೋ. ಖುಷಿಯಿಂದ ನಾನು ಅಮ್ಮನ ಕಡೆ ತಿರುಗಿದೆ.

ಅಮ್ಮ ನಿದ್ದೆ ಹೋಗಿದ್ದಳು. ಕೂತಲ್ಲೇ, ತಲೆ ಗೋಡೆಗೆ ವಾಲಿ, ಬಾಯಿ ಸ್ವಲ್ಪ ತೆರೆದು, ಎರಡೂ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿದ್ದವು. ಗೊರಕೆಯೂ ಇತ್ತು, ಪಿಟೀಲಿನ ನಡುವೆ ಸಣ್ಣಗೆ. ಅಮ್ಮ ಗೊರಕೆ ಹೊಡೆಯುತ್ತಾಳೆಂದು ನನಗೆ ಅವತ್ತೇ ಗೊತ್ತಾದದ್ದು. ಅಪ್ಪನೂ ನೋಡಿದ. ಹಳೆಯ ಅಭ್ಯಾಸ, ಕಮಾನು ತಂತಾನೇ ಹಗುರಾಯಿತು, ಸದ್ದು ಸಣ್ಣಗಾಗುತ್ತ ಬಂತು. ಕೂಡಲೇ ಅಮ್ಮನ ಹುಬ್ಬು ಗಂಟಿಕ್ಕಿತು, ರೆಪ್ಪೆ ಅದುರಿತು.

“ಅಪ್ಪ, ಜೋರಾಗಿ!” ಎಂದು ನಾನು ಕೂಗಿದೆ. “ಎದ್ಬಿಡ್ತಾಳೆ!”

ಅಪ್ಪ ಕಮಾನನ್ನು ಒತ್ತಿ ಹಿಡಿದು ಮತ್ತೆ ಮಳೆ ಸುರಿಸಿದ. ಹುಬ್ಬು ಸಡಿಲಾಯಿತು. ಬಿರುಮಳೆಯ ಭಾಗ ಮುಗಿಯಿತು, ನಿಲ್ಲಿಸುವ ಹಾಗಿರಲಿಲ್ಲ, ತಿರುಗಿ ಮೊದಲಿನಿಂದ ಹಿಡಿದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಸಾಕಾ ಎಂದು ಕಣ್ಣಲ್ಲೇ ನನ್ನನ್ನು ಕೇಳಿದ. ನಾನು ಅಮ್ಮನ ಮುಖ ನೋಡಿ, ಇನ್ನೂ ಇಲ್ಲ ಎಂದು ತಲೆಯಾಡಿಸಿದೆ.